ಶೆರ್ಮನ್ ಟ್ಯಾಂಕಿನ ಮಾದರಿ ಕಿಟ್: ಪೆಟ್ಟಿಗೆಯ ಚಿತ್ರವನ್ನು ನಂಬುವ ಮುನ್ನ

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ತಯಾರಿಸಿದ ಶೆರ್ಮನ್ ಟ್ಯಾಂಕುಗಳ ಸಂಖ್ಯೆ ಸುಮಾರು 49 ಸಾವಿರ. 1942ರ ಫೆಬ್ರವರಿಯಲ್ಲಿ ಮೊದಲ ಯಂತ್ರ ಕಾರ್ಖಾನೆಯಿಂದ ಹೊರಬಿದ್ದಂದಿನಿಂದ 1945ರಲ್ಲಿ ಉತ್ಪಾದನೆ ನಿಲ್ಲುವವರೆಗೆ ಅದನ್ನು ತಯಾರಿಸಿದವರು ಒಬ್ಬರಲ್ಲ. ರೈಲು ಎಂಜಿನ್ ಕಟ್ಟುತ್ತಿದ್ದವರು, ರೈಲು ಬೋಗಿ ಮಾಡುತ್ತಿದ್ದವರು, ಮೋಟಾರು ಕಾರಿನ ಕಂಪನಿಗಳು, ಎಲ್ಲರೂ ತಮ್ಮ ತಮ್ಮ ಯಂತ್ರೋಪಕರಣಕ್ಕೆ ಒಗ್ಗುವ ರೀತಿಯಲ್ಲಿ ಅದೇ ಟ್ಯಾಂಕನ್ನು ತಯಾರಿಸಿದರು. ಹೀಗಾಗಿ ಹೊರನೋಟಕ್ಕೆ ಒಂದೇ ಎನಿಸುವ ಈ ಯಂತ್ರದಲ್ಲಿ ಎಂಜಿನ್, ಒಡಲು, ತೋಪು, ಚಕ್ರಗಳ ಅಮಾನತು ವ್ಯವಸ್ಥೆ, ಕೊನೆಗೆ ಸಿಬ್ಬಂದಿ ಒಳಗಿಳಿಯುವ ಮುಚ್ಚಳದ ಅಳತೆ ಕೂಡ ಕಾಲಕಾಲಕ್ಕೆ, ಕಾರ್ಖಾನೆಯಿಂದ ಕಾರ್ಖಾನೆಗೆ ಬದಲಾಗಿದೆ.

ಪ್ಲಾಸ್ಟಿಕ್ ಮಾದರಿ ಕಿಟ್ ಕೊಂಡು ಮನೆಯಲ್ಲಿ ಕೂತು ಜೋಡಿಸುವ ಹವ್ಯಾಸಿಗೆ ಇದು ಬರಿಯ ಪಾಂಡಿತ್ಯದ ವಿಷಯವಲ್ಲ. ವಿದೇಶದಿಂದ ಬರುವ ಒಳ್ಳೆಯ ಕಿಟ್‌ಗೆ ಸಾವಿರಾರು ರೂಪಾಯಿ ತೆರಬೇಕು. ಅದನ್ನು ಬಿಡಿಸಿ, ಅಂಟಿಸಿ, ಬಣ್ಣ ಹಾಕಿ ಮುಗಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಇಷ್ಟೆಲ್ಲ ಮಾಡಿದ ಮೇಲೆ, ಬರ್ಮಾದ ಮೈಕ್ತಿಲಾದಲ್ಲಿ ಹೋರಾಡಿದ ಭಾರತೀಯ ರೆಜಿಮೆಂಟಿನ ಟ್ಯಾಂಕ್ ಎಂದು ಕೆಳಗೆ ಫಲಕ ಹಚ್ಚಿದ ಮಾದರಿಯು ಆ ರೆಜಿಮೆಂಟ್ ಯುದ್ಧದಲ್ಲಿ ಒಮ್ಮೆಯೂ ಬಳಸದ ಯಂತ್ರವಾಗಿದ್ದರೆ ಹಣವೂ ಹೋಯಿತು, ಚರಿತ್ರೆಯೂ ತಪ್ಪಿತು. ಇಂಥ ತಪ್ಪು ನಡೆಯುವುದು ಅಂಟಿಸುವಾಗ ಅಲ್ಲ, ಕೊಳ್ಳುವಾಗ.

ಒಂದು ಹೆಸರು, ಹಲವು ಒಡಲು

ಶೆರ್ಮನ್ನಿನ ಅಧಿಕೃತ ಹೆಸರು ಎಂ4. ಅದರ ಮುಂದೆ ಬರುವ ಎ1, ಎ2, ಎ3, ಎ4 ಎಂಬ ಗುರುತುಗಳನ್ನು ಕಂಡು ಒಂದಕ್ಕಿಂತ ಇನ್ನೊಂದು ಸುಧಾರಿತ ಎಂದು ಭಾವಿಸುವವರು ಬಹಳ. ವಾಸ್ತವದಲ್ಲಿ ಇವು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬೇರೆ ಬೇರೆ ಕಡೆ ತಯಾರಾದ ಭೇದಗಳು. ಎಂ4 ಬೆಸುಗೆ ಹಾಕಿದ ಉಕ್ಕಿನ ಹಲಗೆಗಳ ಒಡಲುಳ್ಳದ್ದು. ಎಂ4ಎ1ರ ಮೇಲೊಡಲು ಇಡಿಯಾಗಿ ಎರಕ ಹೊಯ್ದದ್ದು, ಆದ್ದರಿಂದಲೇ ಅದರ ಅಂಚುಗಳು ಸೋಪಿನ ಬಿಲ್ಲೆಯಂತೆ ದುಂಡಗೆ. ಇವೆರಡರಲ್ಲೂ ಇದ್ದುದು ವಿಮಾನಕ್ಕಾಗಿ ರೂಪಿಸಿದ ರೇಡಿಯಲ್ ಪೆಟ್ರೋಲ್ ಎಂಜಿನ್. ಎಂ4ಎ2ರಲ್ಲಿ ಜನರಲ್ ಮೋಟಾರ್ಸ್‌ನ ಎರಡು ಡೀಸೆಲ್ ಎಂಜಿನ್‌ಗಳ ಜೋಡಿ. ಸೋವಿಯತ್ ಒಕ್ಕೂಟಕ್ಕೆ ಹೋದ ಶೆರ್ಮನ್‌ಗಳು ಈ ಜಾತಿಯವು. ಎಂ4ಎ3ರಲ್ಲಿ ಫೋರ್ಡ್‌ನ ವಿ-8 ಎಂಜಿನ್. ಅಮೆರಿಕದ ಸೇನೆ ತನಗಾಗಿ ಹೆಚ್ಚು ಇಷ್ಟಪಟ್ಟದ್ದು ಇದನ್ನೇ.

ಎಂ4ಎ4 ಇವುಗಳ ನಡುವೆ ವಿಚಿತ್ರ ಪ್ರಾಣಿ. ಟ್ಯಾಂಕಿಗೆ ಬೇಕಾದಷ್ಟು ಎಂಜಿನ್ ಸಿಗದ ಆ ದಿನಗಳಲ್ಲಿ ಕ್ರೈಸ್ಲರ್ ಕಂಪನಿ ತನ್ನ ಆರು ಸಿಲಿಂಡರಿನ ಕಾರು ಎಂಜಿನ್‌ಗಳನ್ನು ಐದೈದಾಗಿ ಒಂದೇ ಸಾಲುದಂಡಕ್ಕೆ ಕಟ್ಟಿ 30 ಸಿಲಿಂಡರಿನ ಒಂದು ಎಂಜಿನ್ ಮಾಡಿತು. ಕಾಗದದ ಮೇಲೆ ನೋಡಿದರೆ ನಗು ಬರುವ ಯೋಜನೆ, ಆದರೆ ನಡೆಯಿತು. ಆ ದೈತ್ಯವನ್ನು ಒಳಗೆ ಕೂರಿಸಲು ಒಡಲನ್ನೇ ಉದ್ದ ಮಾಡಬೇಕಾಯಿತು. ಒಡಲು ಉದ್ದವಾದ ಮೇಲೆ ಚಕ್ರಗಳ ಬೋಗಿಗಳ ನಡುವಣ ಅಂತರ ಹೆಚ್ಚಿತು, ಸರಪಳಿಪಟ್ಟಿಗೆ ಹೆಚ್ಚುವರಿ ಕೊಂಡಿಗಳು ಬೇಕಾದವು. ಉಳಿದ ಶೆರ್ಮನ್‌ಗಳ ಒಂದು ಬದಿಯ ಪಟ್ಟಿಯಲ್ಲಿ 79 ಕೊಂಡಿಗಳಿದ್ದರೆ ಎಂ4ಎ4ರಲ್ಲಿ 83. ತಂಪುಗಾಳಿಯ ಬೀಸಣಿಗೆಗೆ ಜಾಗ ಸಾಲದೆ ಗೋಪುರದ ಹಿಂದಿನ ಎಂಜಿನ್ ಮುಚ್ಚಳದ ಮೇಲೆ ಒಂದು ಉಬ್ಬನ್ನೂ ಮಾಡಬೇಕಾಯಿತು. ಸುಮಾರು ಏಳೂವರೆ ಸಾವಿರ ಎಂ4ಎ4ಗಳು ತಯಾರಾದವು. ನಿರ್ವಹಣೆಯ ಕಷ್ಟ ನೆನೆದು ಅಮೆರಿಕದ ಸೇನೆ ಅದನ್ನು ಬಹುಮಟ್ಟಿಗೆ ದೂರವಿಟ್ಟಿತು. ಬಹುಪಾಲು ಬ್ರಿಟನ್ನಿನ ಮತ್ತು ಅದರ ಸಾಮ್ರಾಜ್ಯದ ಪಡೆಗಳಿಗೆ ಹೋಯಿತು. ಭಾರತೀಯ ಓದುಗರಿಗೆ ಮುಖ್ಯವಾಗುವುದು ಈ ಸಂಗತಿಯೇ.

ಬ್ರಿಟಿಷರು ಇವಕ್ಕೆ ತಮ್ಮದೇ ಹೆಸರಿಟ್ಟರು. ಎಂ4 ಅವರಿಗೆ ಶೆರ್ಮನ್ ಒಂದು, ಎಂ4ಎ1 ಎರಡು, ಎಂ4ಎ2 ಮೂರು, ಎಂ4ಎ3 ನಾಲ್ಕು, ಎಂ4ಎ4 ಐದು. ಸಂಖ್ಯೆಯ ಮುಂದೆ ‘ಎ’ ಎಂದಿದ್ದರೆ 76 ಮಿ.ಮೀ. ತೋಪು, ‘ಬಿ’ ಎಂದಿದ್ದರೆ 105 ಮಿ.ಮೀ. ತೋಪು, ‘ಸಿ’ ಎಂದಿದ್ದರೆ ಬ್ರಿಟಿಷರ 17 ಪೌಂಡರ್ ತೋಪು. ಈ ಕೊನೆಯದನ್ನೇ ಫೈರ್‌ಫ್ಲೈ ಎಂದು ಕರೆಯುವುದು. ‘ವೈ’ ಎಂಬ ಗುರುತು ಅಗಲವಾದ ಸರಪಳಿಪಟ್ಟಿಯ ಹೊಸ ಅಮಾನತು ವ್ಯವಸ್ಥೆಗೆ. ಪೆಟ್ಟಿಗೆಯ ಮೇಲೆ ‘ಶೆರ್ಮನ್ ಐದು ಸಿ’ ಎಂದಿದ್ದರೆ ಅದು ಉದ್ದ ಒಡಲಿನ, 17 ಪೌಂಡರ್ ತೋಪಿನ ಯಂತ್ರವೆಂದು ಅರ್ಥ. ಈ ಸಣ್ಣ ಬಾಯಿಪಾಠ ಕಿಟ್ ಅಂಗಡಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ತಾರೀಖಿನ ಪರೀಕ್ಷೆ

ಕಿಟ್‌ನ ನಿಖರತೆಯನ್ನು ಅಳೆಯಲು ಎಲ್ಲಕ್ಕಿಂತ ಅಗ್ಗದ ಉಪಕರಣ ಕ್ಯಾಲೆಂಡರ್. ಪೆಟ್ಟಿಗೆಯ ಮೇಲಿನ ಚಿತ್ರ ಯಾವ ಯುದ್ಧಭೂಮಿಯದು, ಯಾವ ತಿಂಗಳಿನದು. ಕಿಟ್‌ನಲ್ಲಿರುವ ಭಾಗಗಳು ಆ ತಿಂಗಳಿಗೆ ಮೊದಲು ಕಾರ್ಖಾನೆಯಿಂದ ಬಂದಿದ್ದವೆ? ಇಷ್ಟು ಕೇಳಿಕೊಂಡರೆ ಅರ್ಧ ತಪ್ಪುಗಳು ತಾವಾಗಿಯೇ ಬಯಲಾಗುತ್ತವೆ.

ಜರ್ಮನಿಯ ಟೈಗರ್ ಟ್ಯಾಂಕನ್ನು ನೋಡಿ. ಅಯಸ್ಕಾಂತದ ಸ್ಫೋಟಕಗಳು ಅಂಟದಿರಲೆಂದು ಟೈಗರಿನ ಮೈಗೆ ಗೆರೆಗೆರೆಯಾಗಿ ಬಳಿಯುತ್ತಿದ್ದ ‘ತ್ಸಿಮೆರಿಟ್’ ಲೇಪ ಬಳಕೆಗೆ ಬಂದದ್ದು 1943ರ ಬೇಸಿಗೆ ಕಳೆದ ಮೇಲೆ. ಉತ್ತರ ಆಫ್ರಿಕದ ಯುದ್ಧ ಮುಗಿದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಆದ್ದರಿಂದ ಮರಳುಬಣ್ಣ ಹೊದ್ದು, ಮೈತುಂಬ ಗೆರೆಲೇಪ ಬಳಿದುಕೊಂಡ ‘ಆಫ್ರಿಕಾದ ಟೈಗರ್’ ಎಂಬುದು ಇರಲು ಸಾಧ್ಯವೇ ಇಲ್ಲ. ಹಾಗೆಯೇ 85 ಮಿ.ಮೀ. ತೋಪಿನ ಸೋವಿಯತ್ ಟಿ-34 ಸೇನೆಗೆ ಬಂದದ್ದು 1944ರ ಆರಂಭದಲ್ಲಿ. 1943ರ ಜುಲೈನ ಕುರ್ಸ್ಕ್ ಕದನದಲ್ಲಿ ಅದನ್ನು ನಿಲ್ಲಿಸುವಂತಿಲ್ಲ.

ಶೆರ್ಮನ್ನಿಗೂ ಇದೇ ಲೆಕ್ಕ. 1942ರ ಅಕ್ಟೋಬರಿನಲ್ಲಿ ಎಲ್ ಅಲಮೈನ್‌ನಲ್ಲಿ ಬ್ರಿಟಿಷರು ಮೊದಲ ಬಾರಿಗೆ ಇದನ್ನು ಕದನಕ್ಕಿಳಿಸಿದಾಗ ಇದ್ದುದು 75 ಮಿ.ಮೀ. ತೋಪಿನ ಎಂ4ಎ1 ಮತ್ತು ಎಂ4ಎ2. 76 ಮಿ.ಮೀ. ತೋಪಿನ ಶೆರ್ಮನ್ ಯುರೋಪಿನಲ್ಲಿ ಮೊದಲು ಹೋರಾಡಿದ್ದು 1944ರ ಜುಲೈ ಕೊನೆಯಲ್ಲಿ; ಜೂನ್ 6ರ ನಾರ್ಮಂಡಿ ಕಡಲತೀರದಲ್ಲಿ ಅದು ಇರಲಿಲ್ಲ. ‘ಈಸಿ ಎಯ್ಟ್’ ಎಂದು ಪ್ರಸಿದ್ಧವಾದ ಎಂ4ಎ3ಇ8, ಅಂದರೆ ಅಗಲ ಪಟ್ಟಿಯ ಶೆರ್ಮನ್, ಯುರೋಪಿನ ರಣರಂಗಕ್ಕೆ ಕಾಲಿಟ್ಟದ್ದು 1944 ಮುಗಿಯುವ ಹೊತ್ತಿಗೆ. ಒಡಲಿನ ಮುಂಭಾಗ ಕೂಡ ಕಾಲ ಹೇಳುತ್ತದೆ. ಮೊದಲ ಶೆರ್ಮನ್‌ಗಳಲ್ಲಿ ಚಾಲಕನ ಮುಚ್ಚಳ ಇಕ್ಕಟ್ಟಾದದ್ದು, ಮುಂದಿನ ಹಲಗೆ ಹೆಚ್ಚು ಓರೆ. ನಂತರದವುಗಳಲ್ಲಿ ಮುಚ್ಚಳ ದೊಡ್ಡದು, ಹಲಗೆ ಸ್ವಲ್ಪ ನೆಟ್ಟಗೆ. ಬೆಂಕಿ ಹತ್ತಿದ ಟ್ಯಾಂಕಿನಿಂದ ಹೊರಬೀಳಬೇಕಾದ ಚಾಲಕನಿಗೆ ಆ ಮುಚ್ಚಳದ ಅಳತೆ ಜೀವದ ಪ್ರಶ್ನೆಯಾಗಿತ್ತು. ಮಾದರಿಯಲ್ಲಿ ಅದು ಕೆಲವೇ ಮಿಲಿಮೀಟರುಗಳ ವ್ಯತ್ಯಾಸ.

ಸಿನಿಮಾ ನೋಡಿ ಕಿಟ್ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ ಸಲ್ಲುತ್ತದೆ. 2014ರಲ್ಲಿ ತೆರೆಕಂಡ ‘ಫ್ಯೂರಿ’ ಚಿತ್ರದ ನಂತರ ಈಸಿ ಎಯ್ಟ್ ಕಿಟ್‌ಗಳಿಗೆ ಬೇಡಿಕೆ ಏರಿತು. ಚಿತ್ರದಲ್ಲಿ ನಟಿಸಿದ ಟ್ಯಾಂಕ್ ಇಂಗ್ಲೆಂಡಿನ ಬಾವಿಂಗ್ಟನ್ ಟ್ಯಾಂಕ್ ಮ್ಯೂಸಿಯಮ್ಮಿನದು, ಮೂಲದಲ್ಲಿ ಡೀಸೆಲ್ ಎಂಜಿನ್ನಿನ ಎಂ4ಎ2. ಅದು ತೆರೆಯ ಮೇಲೆ ಎಂ4ಎ3ಇ8 ಪಾತ್ರ ವಹಿಸಿತು. ಎದುರಿನಿಂದ ನೋಡಿದರೆ ಭೇದ ತಿಳಿಯದು; ಬೆನ್ನಿನ ಕಡೆ ಎಂಜಿನ್ ಮುಚ್ಚಳದ ಜಾಲರಿಯೇ ಬೇರೆ. ಹಾಗಾಗಿ ಚಿತ್ರದ ಟ್ಯಾಂಕನ್ನು ಮಾಡುವವರಿಗೆ ಒಂದು ಕಿಟ್, 1945ರ ಜರ್ಮನಿಯಲ್ಲಿದ್ದ ಟ್ಯಾಂಕನ್ನು ಮಾಡುವವರಿಗೆ ಇನ್ನೊಂದು ಕಿಟ್ ಬೇಕು. ಅದೇ ಚಿತ್ರದ ಟೈಗರ್ ಕೂಡ 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಸೆರೆಸಿಕ್ಕ ‘ಟೈಗರ್ 131’. ಕಥೆ ನಡೆಯುವುದು ಅದಾಗಿ ಎರಡು ವರ್ಷಗಳ ಮೇಲೆ.

ಮೈಕ್ತಿಲಾದ ಶೆರ್ಮನ್ ಯಾವುದು?

ಭಾರತೀಯ ಸೈನಿಕರು ನಡೆಸಿದ ಶೆರ್ಮನ್ನಿನ ಮಾದರಿ ಮಾಡಬೇಕೆಂಬ ಆಸೆ ಸಹಜ. ಆದರೆ ಮಾರುಕಟ್ಟೆಯ ಪೆಟ್ಟಿಗೆಗಳ ಮೇಲೆ ಕಾಣುವುದು ಬಹುಮಟ್ಟಿಗೆ ನಾರ್ಮಂಡಿ, ಅರ್ಡೆನ್ಸ್, ಜರ್ಮನಿಯ ದೃಶ್ಯಗಳು. ಬರ್ಮಾ ಅಪರೂಪ. ಹೀಗಾಗಿ ಕೈಗೆ ಸಿಕ್ಕ ಯಾವುದಾದರೂ ಶೆರ್ಮನ್ ತಂದು ಹಸಿರು ಬಳಿದರಾಯಿತು ಎಂಬ ದಾರಿ ಹಿಡಿಯುವುದುಂಟು. ಇಲ್ಲೇ ಎಡವುವುದು.

ಮೊದಲು ಕಾಲ, ಸ್ಥಳ ಗೊತ್ತುಮಾಡಿಕೊಳ್ಳಬೇಕು. 1944ರ ವಸಂತದಲ್ಲಿ ಇಂಫಾಲ, ಕೊಹಿಮಾಗಳನ್ನು ಕಾಯ್ದ ಟ್ಯಾಂಕುಗಳು ಶೆರ್ಮನ್ ಅಲ್ಲ. ಅವು ಅದಕ್ಕಿಂತ ಹಿಂದಿನ ಪೀಳಿಗೆಯ ಎಂ3 ಲೀ ಮತ್ತು ಹಗುರವಾದ ಸ್ಟುವರ್ಟ್. ಏಪ್ರಿಲ್ 13ರಂದು ಕಡಿದಾದ ನುನ್‌ಶಿಗುಮ್ ಬೆಟ್ಟವನ್ನು ಏರಿ ಜಪಾನೀಯರನ್ನು ಬೆರಗುಗೊಳಿಸಿದ್ದು ಬ್ರಿಟಿಷ್ ಸೇನೆಯ ಮೂರನೆಯ ಕ್ಯಾರಬಿನಿಯರ್ಸ್ ದಳದ ಲೀ ಟ್ಯಾಂಕುಗಳು. ಆದ್ದರಿಂದ ‘ಕೊಹಿಮಾದ ಶೆರ್ಮನ್’ ಮಾಡಲು ಹೊರಟವರು ಶೆರ್ಮನ್ ಕಪಾಟನ್ನು ಬಿಟ್ಟು ಲೀ ಕಪಾಟಿಗೆ ಹೋಗಬೇಕು.

ಶೆರ್ಮನ್ ಬರುವುದು ಅನಂತರದ ಅಂಕದಲ್ಲಿ. 1945ರ ಫೆಬ್ರವರಿ ಕೊನೆಯಲ್ಲಿ ಐರಾವತಿ ನದಿಯನ್ನು ದಾಟಿದ ಭಾರತೀಯ 17ನೆಯ ಡಿವಿಷನ್ ಮತ್ತು 255ನೆಯ ಟ್ಯಾಂಕ್ ಬ್ರಿಗೇಡ್ ಮೈಕ್ತಿಲಾ ಪಟ್ಟಣದತ್ತ ನುಗ್ಗಿ ಮಾರ್ಚ್ ಆರಂಭದಲ್ಲಿ ಅದನ್ನು ವಶಪಡಿಸಿಕೊಂಡವು. ಆಮೇಲೆ ಜಪಾನೀಯರು ಅದನ್ನು ಮರಳಿ ಪಡೆಯಲು ತಿಂಗಳಿಡೀ ಹೋರಾಡಿ ಸೋತರು. ಆ ಬ್ರಿಗೇಡಿನಲ್ಲಿದ್ದದ್ದು ಪ್ರೋಬಿನ್ಸ್ ಹಾರ್ಸ್, ರಾಯಲ್ ಡೆಕ್ಕನ್ ಹಾರ್ಸ್ ಎಂಬ ಎರಡು ಭಾರತೀಯ ರೆಜಿಮೆಂಟುಗಳು ಮತ್ತು ಗಾರ್ಡನ್ ಹೈಲ್ಯಾಂಡರ್ಸ್ ಕಾಲ್ದಳದಿಂದ ರೂಪಿಸಿದ ಒಂದು ಬ್ರಿಟಿಷ್ ಟ್ಯಾಂಕ್ ರೆಜಿಮೆಂಟ್. ಇವರ ಕೈಯಲ್ಲಿದ್ದ ಶೆರ್ಮನ್ ಐದನೆಯದು, ಅಂದರೆ ಕ್ರೈಸ್ಲರ್ ಎಂಜಿನ್ನಿನ, ಉದ್ದ ಒಡಲಿನ ಎಂ4ಎ4.

ಈಗ ಕಿಟ್‌ನಲ್ಲಿ ಏನಿರಬೇಕೆಂಬುದು ಸ್ಪಷ್ಟ. 75 ಮಿ.ಮೀ. ತೋಪು, ಸಣ್ಣ ಮುಚ್ಚಳದ ಬೆಸುಗೆಯ ಒಡಲು, ಮೂಗಿನ ಭಾಗದಲ್ಲಿ ಬೋಲ್ಟುಗಳಿಂದ ಕೂಡಿಸಿದ ಮೂರು ತುಂಡಿನ ಗೇರುಪೆಟ್ಟಿಗೆಯ ಹೊದಿಕೆ, ಲಂಬ ಸುರುಳಿಗಳ ಹಳೆಯ ಅಮಾನತು, ದೂರದೂರ ಕೂತ ಬೋಗಿಗಳು. ಬಹುಸಂಖ್ಯೆಯಲ್ಲಿ ಸಿಗುವ ಎಂ4ಎ3 ಕಿಟ್ ಇದಕ್ಕೆ ಆಗದು. ಈಸಿ ಎಯ್ಟ್ ಅಂತೂ ಖಂಡಿತ ಸಲ್ಲದು. ಎಂ4ಎ4 ಎಂದೇ ಹೆಸರಿಟ್ಟ 75 ಮಿ.ಮೀ. ತೋಪಿನ ಕಿಟ್ ಸಿಕ್ಕರೆ ದಾರಿ ನೇರ. ಸಿಗದಿದ್ದರೆ ಇನ್ನೊಂದು ಉಪಾಯವಿದೆ: ಶೆರ್ಮನ್ ಐದು ಸಿ, ಅಂದರೆ ಎಂ4ಎ4 ಒಡಲಿನ ಫೈರ್‌ಫ್ಲೈ. ಇದನ್ನು ಜಪಾನಿನ ತಾಸ್ಕಾ, ಹಾಂಗ್‌ಕಾಂಗಿನ ಡ್ರ್ಯಾಗನ್, ಈಚೆಗೆ ರೈ ಫೀಲ್ಡ್ ಮಾಡೆಲ್ ಸಂಸ್ಥೆಗಳು 1/35 ಪ್ರಮಾಣದಲ್ಲಿ ಹೊರತಂದಿವೆ. ಫೈರ್‌ಫ್ಲೈಯ ಗೋಪುರಕ್ಕೆ ಹಿಂದೆ ರೇಡಿಯೋ ಪೆಟ್ಟಿಗೆಯೊಂದನ್ನು ಕೂಡಿಸಿತ್ತು. ಒಡಲಿನ ಮುಂದಿನ ಮಷಿನ್‌ಗನ್ ತೆಗೆದು ಆ ಜಾಗವನ್ನು ಕವಚದಿಂದ ಮುಚ್ಚಿ, ಗನ್ನರ್ ಕೂರುತ್ತಿದ್ದಲ್ಲಿ ಗುಂಡುಗಳನ್ನು ಇಡುತ್ತಿದ್ದರು. ಆದ್ದರಿಂದ ಬೇರೆ ಕಿಟ್‌ನಿಂದ 75 ಮಿ.ಮೀ. ತೋಪಿನ ಗೋಪುರವನ್ನೂ ಮುಂದಿನ ಮಷಿನ್‌ಗನ್ನನ್ನೂ ತಂದು ಕೂರಿಸಬೇಕು. ಎರಡು ಕಿಟ್‌ನ ಖರ್ಚು ಬೀಳುತ್ತದೆ ನಿಜ, ಆದರೆ ಉದ್ದ ಒಡಲನ್ನು ಗರಗಸದಿಂದ ಕೊಯ್ದು ಹಿಗ್ಗಿಸುವ ಸಾಹಸಕ್ಕಿಂತ ಇದು ಮೇಲು.

ಈ ಟ್ಯಾಂಕಿಗೆ ಹಚ್ಚುವ ಗುರುತಿನ ಚಿಹ್ನೆಗಳ ವಿಷಯದಲ್ಲೂ ಒಂದು ತೊಡಕುಂಟು. 1947ರಲ್ಲಿ ಸೇನೆ ಹಂಚಿಹೋದಾಗ ಪ್ರೋಬಿನ್ಸ್ ಹಾರ್ಸ್ ಪಾಕಿಸ್ತಾನಕ್ಕೆ ಹೋಯಿತು, ಡೆಕ್ಕನ್ ಹಾರ್ಸ್ ಭಾರತದಲ್ಲಿ ಉಳಿಯಿತು. ಅದೇ ಡೆಕ್ಕನ್ ಹಾರ್ಸ್ 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮ್‌ಕರಣ್ ಬಳಿಯ ಅಸಲ್ ಉತ್ತರದಲ್ಲಿ ಪಾಕಿಸ್ತಾನದ ಪ್ಯಾಟನ್‌ಗಳನ್ನು ಎದುರಿಸಿದಾಗಲೂ ಶೆರ್ಮನ್ನನ್ನೇ ಓಡಿಸುತ್ತಿತ್ತು. ರೆಜಿಮೆಂಟ್ ಅದೇ, ಟ್ಯಾಂಕಿನ ಹೆಸರೂ ಅದೇ. ಆದರೆ ನಡುವೆ ಇಪ್ಪತ್ತು ವರ್ಷ ಕಳೆದಿತ್ತು. ಭಾರತದ ಶೆರ್ಮನ್‌ಗಳಲ್ಲಿ ಹಲವಕ್ಕೆ ಮೂಲ ತೋಪು ತೆಗೆದು ಬೇರೆ ತೋಪು ಕೂಡಿಸಲಾಗಿತ್ತು. ಮೈಕ್ತಿಲಾಗೆ ಕೊಂಡ ಕಿಟ್ ಅಸಲ್ ಉತ್ತರಕ್ಕೆ ಹಾಗೆಯೇ ಒಪ್ಪುತ್ತದೆ ಎಂದು ನೆಚ್ಚುವಂತಿಲ್ಲ. 1965ರ ಯಂತ್ರ ಬೇಕೆನ್ನುವವರು ಆ ಯುದ್ಧದ ಛಾಯಾಚಿತ್ರವನ್ನೇ ಎದುರಿಗಿಟ್ಟುಕೊಂಡು ಹೊಸದಾಗಿ ಶೋಧ ಆರಂಭಿಸಬೇಕು.

ಪೆಟ್ಟಿಗೆ ಹೊಸದು, ಅಚ್ಚು ಹಳೆಯದು

1/35 ಎಂಬ ಈ ವಿಚಿತ್ರ ಪ್ರಮಾಣ ಎಲ್ಲಿಂದ ಬಂತು? ಜಪಾನಿನ ಶಿಜುಓಕಾ ನಗರದ ತಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಓಡುವ ಮಾದರಿಯನ್ನು ತಯಾರಿಸಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಾಗಿದ್ದರಿಂದ ಅದಕ್ಕೆ ತಕ್ಕಂತೆ ಗಾತ್ರ ನಿಶ್ಚಯವಾಯಿತು. ಅಳೆದು ನೋಡಿದಾಗ ಅದು ಮೂಲದ ಮೂವತ್ತೈದನೆಯ ಒಂದು ಪಾಲಿನಷ್ಟಿತ್ತು. ಕಂಪನಿಯನ್ನು ದೀರ್ಘಕಾಲ ಮುನ್ನಡೆಸಿದ ಶುನ್ಸಾಕು ತಾಮಿಯಾ ಹೇಳಿಕೊಂಡ ಕಥೆ ಇದು. ಬ್ಯಾಟರಿಯ ಗಾತ್ರ ನಿರ್ಧರಿಸಿದ ಪ್ರಮಾಣವೇ ಇಂದು ಟ್ಯಾಂಕ್ ಮಾದರಿಗಳ ಜಾಗತಿಕ ಅಳತೆಯಾಗಿದೆ. ಇದಲ್ಲದೆ 1/48, 1/72, ಬ್ರಿಟನ್ನಿನ ಹಳೆಯ 1/76 ಕೂಡ ಇವೆ. ಜಾಗ ಕಡಿಮೆ ಇರುವ ನಗರದ ಮನೆಗಳಿಗೆ 1/72 ಒಳ್ಳೆಯದೆನಿಸಿದರೂ ಶೆರ್ಮನ್ನಿನ ಭೇದಗಳನ್ನು ತೋರಿಸಲು 1/35ರಷ್ಟು ಅನುಕೂಲ ಬೇರೆಯದಿಲ್ಲ.

ಆ ಮೋಟಾರಿನ ಕಾಲದ ನೆರಳು ಹಳೆಯ ಕಿಟ್‌ಗಳಲ್ಲಿ ಈಗಲೂ ಕಾಣುತ್ತದೆ. ಒಡಲಿನ ತಳದಲ್ಲಿ ಸ್ವಿಚ್ಚಿಗೆಂದು ಬಿಟ್ಟ ತೂತು, ಸರಪಳಿಪಟ್ಟಿಯ ಮೇಲೆ ಚಾಚಿಕೊಂಡ ಒಡಲಿನ ಭಾಗಕ್ಕೆ ತಳವೇ ಇಲ್ಲದಿರುವುದು ಇವು ಪರಿಚಿತ ಲಕ್ಷಣಗಳು. ತಾಮಿಯಾ 1981ರಲ್ಲಿ ಹೊರತಂದ 75 ಮಿ.ಮೀ. ತೋಪಿನ ಎಂ4ಎ3 ಜೋಡಿಸಲು ಸುಲಭ, ಭಾಗಗಳು ಒಂದಕ್ಕೊಂದು ಹಿಡಿದಿಟ್ಟಂತೆ ಕೂರುತ್ತವೆ. ಆದರೆ ಈ ತಳದ ಕೊರತೆಯನ್ನು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮುಚ್ಚಬೇಕು. ಹೊಸಬರಿಗೆ, ಮಕ್ಕಳೊಂದಿಗೆ ಕೂತು ಮಾಡುವವರಿಗೆ ಅದು ಇವತ್ತಿಗೂ ಕೆಟ್ಟ ಆಯ್ಕೆಯೇನಲ್ಲ. ಅದೇ ಕಂಪನಿ 2015ರಲ್ಲಿ ತಂದ ಈಸಿ ಎಯ್ಟ್ ಹೊಸ ಅಚ್ಚಿನದು, ನಿಖರತೆಯಲ್ಲೂ ಬಹಳ ಮುಂದೆ. ಒಂದೇ ಕಂಪನಿಯ ಹೆಸರಿನಡಿ ಮೂವತ್ತನಾಲ್ಕು ವರ್ಷಗಳ ಅಂತರದ ಎರಡು ಕಿಟ್‌ಗಳು ಅಂಗಡಿಯಲ್ಲಿ ಅಕ್ಕಪಕ್ಕ ಕೂತಿರಬಹುದು ಎಂಬುದನ್ನು ಕೊಳ್ಳುವವರು ಮರೆಯಬಾರದು.

ಇನ್ನೊಂದು ಗೊಂದಲ, ಒಬ್ಬರ ಅಚ್ಚಿನ ಭಾಗಗಳು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಬರುವುದು. ಈ ವ್ಯವಹಾರದಲ್ಲಿ ಅದು ಸಾಮಾನ್ಯ ಪದ್ಧತಿ, ಮೋಸವೇನೂ ಅಲ್ಲ. ಶೆರ್ಮನ್ ಕಿಟ್‌ಗಳಿಗೆ ಹೆಸರಾದ ತಾಸ್ಕಾ ಸಂಸ್ಥೆ ಮುಂದೆ ಆಸುಕಾ ಎಂಬ ಹೆಸರಿನಿಂದ ಮುಂದುವರಿಯಿತು. ಅದರ ಫೈರ್‌ಫ್ಲೈ ಒಮ್ಮೆ ತಾಮಿಯಾದ ಪೆಟ್ಟಿಗೆಯಲ್ಲೂ ಮಾರಾಟವಾಯಿತು. ಅಲ್ಲಿ ಕೊಂಡವರಿಗೆ ಲಾಭವೇ ಆಯಿತು. ಆದರೆ ಮೂವತ್ತು ನಲವತ್ತು ವರ್ಷಗಳ ಹಳೆಯ ಅಚ್ಚು ಹೊಸ ಚಿತ್ರ, ಹೊಸ ಚಿಹ್ನೆಗಳೊಂದಿಗೆ ಹೊಸ ಬೆಲೆಗೆ ಬಂದಾಗ ಆಗುವುದು ಇದಕ್ಕೆ ವ್ಯತಿರಿಕ್ತ. ಪೆಟ್ಟಿಗೆಯ ಬದಿಯಲ್ಲಿ ಮುದ್ರಿತವಾದ ವರ್ಷವು ಅನೇಕ ವೇಳೆ ಆ ಪೆಟ್ಟಿಗೆಯದು, ಅಚ್ಚಿನದಲ್ಲ. ಯಾವ ಕಿಟ್ ಮೂಲದಲ್ಲಿ ಯಾರ ಅಚ್ಚು, ಯಾವ ವರ್ಷದ್ದು, ಎಷ್ಟು ಬಾರಿ ಮರುಪೆಟ್ಟಿಗೆಯಾಗಿದೆ ಎಂಬ ವಂಶವೃಕ್ಷವನ್ನು ಸ್ಕೇಲ್‌ಮೇಟ್ಸ್ ಎಂಬ ಜಾಲತಾಣ ದಾಖಲಿಸಿಟ್ಟಿದೆ. ಹಣ ಕೊಡುವ ಮುಂಚೆ ಐದು ನಿಮಿಷ ಅಲ್ಲಿ ಕಳೆಯುವುದು ಲೇಸು.

ಹಾಗೆಯೇ ಭಾಗಗಳ ಸಂಖ್ಯೆಯನ್ನು ಕಂಡು ಮರುಳಾಗುವ ಅಗತ್ಯವಿಲ್ಲ. ಒಳಾಂಗಣ ಸಮೇತ ಬರುವ ಈಚಿನ ಕಿಟ್‌ಗಳಲ್ಲಿ ಭಾಗಗಳ ಸಂಖ್ಯೆ ಸಾವಿರ ದಾಟುವುದುಂಟು. ಗೋಪುರ ಮುಚ್ಚಿದ ಮೇಲೆ ಅದರಲ್ಲಿ ಬಹುಪಾಲು ಕಣ್ಣಿಗೆ ಬೀಳುವುದಿಲ್ಲ. ಹೊರಗಿನ ಒಡಲು ಸರಿಯಿದ್ದು ಒಳಗೇನೂ ಇಲ್ಲದ ಕಿಟ್, ಒಳಗೆಲ್ಲ ತುಂಬಿಕೊಂಡು ತಪ್ಪು ಒಡಲು ಹೊತ್ತ ಕಿಟ್‌ಗಿಂತ ಎಷ್ಟೋ ವಾಸಿ.

ಅಳತೆಪಟ್ಟಿ ಹಿಡಿದು

ನಿಖರತೆಯನ್ನು ಪರೀಕ್ಷಿಸಲು ವಿಶೇಷ ಉಪಕರಣ ಬೇಡ. ಮೂಲ ಟ್ಯಾಂಕಿನ ಅಳತೆಯನ್ನು 35ರಿಂದ ಭಾಗಿಸಿದರೆ ಸಾಕು. ಎಂ4ಎ4ರ ಉದ್ದ ಸುಮಾರು 6.06 ಮೀಟರ್, ಮಾದರಿಯಲ್ಲಿ ಅದು 17.3 ಸೆಂ.ಮೀ. ಬರಬೇಕು. ಎಂ4ಎ1ರ ಉದ್ದ 5.84 ಮೀಟರ್, ಮಾದರಿಯಲ್ಲಿ 16.7 ಸೆಂ.ಮೀ. ಎರಡರ ನಡುವೆ ಅಂತರ ಬರಿಯ ಆರು ಮಿಲಿಮೀಟರ್. ಇದು ಸಣ್ಣದೆನಿಸಿದರೂ ಬೋಗಿಗಳ ನಡುವಿನ ಖಾಲಿಜಾಗದಲ್ಲಿ ಹಂಚಿಹೋದಾಗ ಇಡೀ ಟ್ಯಾಂಕಿನ ಚಹರೆಯೇ ಬದಲಾಗುತ್ತದೆ. ಅಳತೆಪಟ್ಟಿಯೂ ಕೈಗಿಲ್ಲದಿದ್ದರೆ ಜೋಡಣೆಯ ಕೈಪಿಡಿಯಲ್ಲಿ ಸರಪಳಿಪಟ್ಟಿಯ ಕೊಂಡಿಗಳ ಸಂಖ್ಯೆ ನೋಡಬಹುದು. ಎಂ4ಎ4 ಎಂದು ಹೇಳುವ ಕಿಟ್ ಬದಿಗೆ 79 ಕೊಂಡಿ ಕೇಳುತ್ತಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದು ತಿಳಿಯಬೇಕು.

ದಪ್ಪದ ಲೆಕ್ಕ ಬೇರೆ. ಶೆರ್ಮನ್ನಿನ ಪಕ್ಕದ ಕವಚ 38 ಮಿ.ಮೀ. ಅದು ಮಾದರಿಯಲ್ಲಿ ಒಂದು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಪ್ಲಾಸ್ಟಿಕ್ಕಿನಲ್ಲಿ ಸಲೀಸಾಗಿ ಬರುತ್ತದೆ. ಆದರೆ ಮಣ್ಣು ಸಿಡಿಯದಂತೆ ಪಟ್ಟಿಯ ಮೇಲೆ ಹೊದಿಸಿದ ತಗಡು, ಹೆಡ್‌ಲೈಟ್ ಕಾಯುವ ಪಟ್ಟಿ ಇವುಗಳ ದಪ್ಪ ಮೂಲದಲ್ಲೇ ಕೆಲವು ಮಿಲಿಮೀಟರ್. 35ರಿಂದ ಭಾಗಿಸಿದರೆ ಕಾಗದದಷ್ಟು ತೆಳುವಾಗಬೇಕು. ಪ್ಲಾಸ್ಟಿಕ್ ಅಷ್ಟು ತೆಳುವಾಗಿ ಅಚ್ಚಿನಲ್ಲಿ ಹರಿಯದು. ಅದಕ್ಕೇ ಹಿತ್ತಾಳೆಯ ತೆಳು ಹಾಳೆಯಲ್ಲಿ ಕೊರೆದ ಭಾಗಗಳನ್ನು ಪ್ರತ್ಯೇಕವಾಗಿ ಮಾರುತ್ತಾರೆ. ಇವು ಇದ್ದರೆ ಚೆಂದ, ಇಲ್ಲದಿದ್ದರೆ ಚರಿತ್ರೆಗೆ ಅಪಚಾರವಾಗದು. ಖರ್ಚಿನಲ್ಲಿ ಮೊದಲ ಸ್ಥಾನ ಸರಿಯಾದ ಒಡಲಿಗೆ, ಎರಡನೆಯದು ಸರಿಯಾದ ಸರಪಳಿಪಟ್ಟಿಗೆ ಸಲ್ಲಬೇಕು. ಶೆರ್ಮನ್ನಿಗೆ ರಬ್ಬರ್ ಕೊಂಡಿಯ ಪಟ್ಟಿಗಳೂ ಇದ್ದವು, ಉಕ್ಕಿನ ಮೈಯವೂ ಇದ್ದವು. ಯಾವುದೆಂಬುದನ್ನು ಫೋಟೋ ಹೇಳಬೇಕು. ಎರಕದ ಗೋಪುರದ ಮೈ ಮೂಲದಲ್ಲಿ ತರಿತರಿಯಾಗಿತ್ತು. ಹಳೆಯ ಕಿಟ್‌ಗಳಲ್ಲಿ ಅದು ಬೋಳು ನುಣುಪು. ದ್ರವರೂಪದ ಪುಟ್ಟಿ ಹಚ್ಚಿ ಗಡುಸು ಕುಂಚದಿಂದ ತಟ್ಟಿದರೆ ಸರಿಹೋಗುತ್ತದೆ.

ಹಳೆಯ ದಾಸ್ತಾನು ಕೊಳ್ಳುವವರು ಎರಡು ವಿಷಯ ನೋಡಬೇಕು. ಮೃದುವಾದ ವಿನೈಲ್ ಸರಪಳಿಪಟ್ಟಿ ಪ್ಲಾಸ್ಟಿಕ್ ಭಾಗಗಳಿಗೆ ತಾಗಿಕೊಂಡು ವರ್ಷಗಟ್ಟಲೆ ಕೂತಿದ್ದರೆ ಅದರಲ್ಲಿನ ರಾಸಾಯನಿಕ ಚಕ್ರಗಳನ್ನು ಕರಗಿಸಿಬಿಟ್ಟಿರಬಹುದು. ಅಂಟಿಸುವ ಚಿಹ್ನೆಗಳ ಹಾಳೆ ಹಳದಿಗಟ್ಟಿದ್ದರೆ, ತೇವದಲ್ಲಿ ಇದ್ದದ್ದಾದರೆ, ನೀರಿಗೆ ಹಾಕಿದ ಕೂಡಲೇ ಚೂರಾಗುತ್ತದೆ. ಕರಾವಳಿ, ಮಲೆನಾಡಿನ ಹವೆಯಲ್ಲಿ ಇಟ್ಟ ಪೆಟ್ಟಿಗೆಗಳಲ್ಲಿ ಇದರ ಸಂಭವ ಹೆಚ್ಚು.

ಬಣ್ಣದ ಬಗ್ಗೆ ಹವ್ಯಾಸಿಗಳ ನಡುವೆ ನಡೆಯುವ ಜಗಳಕ್ಕೆ ಕೊನೆಯಿಲ್ಲ. ಇಂಥದೇ ಹಸಿರು ಎಂದು ಪಟ್ಟುಹಿಡಿಯುವವರ ಕೈಯಲ್ಲಿರುವ ಸಾಕ್ಷ್ಯ ಬಹುಪಾಲು ಕಪ್ಪುಬಿಳುಪಿನ ಫೋಟೋ. ಬಿಸಿಲು, ಧೂಳು, ಎಣ್ಣೆ, ಮರುಬಣ್ಣ ಇವೆಲ್ಲ ಸೇರಿದ ಮೇಲೆ ರಣಭೂಮಿಯ ಟ್ಯಾಂಕು ಕಾರ್ಖಾನೆಯ ಬಣ್ಣದ ಚೀಟಿಗೆ ಹೊಂದುತ್ತಿರಲಿಲ್ಲ. ಬಣ್ಣ ಒಂದು ಛಾಯೆ ಆಚೀಚೆಯಾದರೆ ಕ್ಷಮ್ಯ. ತಪ್ಪು ಒಡಲಿಗೆ ಆ ರಿಯಾಯಿತಿ ಇಲ್ಲ.

ಫೋಟೋ ಮೊದಲು, ಪೆಟ್ಟಿಗೆ ಆಮೇಲೆ

ಅನುಭವಿ ಮಾದರಿಕಾರರ ಕ್ರಮವೆಂದರೆ ಮೊದಲು ಒಂದು ಫೋಟೋ ಆರಿಸಿಕೊಳ್ಳುವುದು. ದಿನಾಂಕ, ಸ್ಥಳ, ರೆಜಿಮೆಂಟ್ ಗೊತ್ತಿರುವ ಫೋಟೋ. ಬರ್ಮಾ ಯುದ್ಧದ ಅಂಥ ಅನೇಕ ಚಿತ್ರಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿವೆ, ಅಂತರಜಾಲದಲ್ಲೂ ನೋಡಲು ಸಿಗುತ್ತವೆ. ಅದರಲ್ಲಿ ಕಾಣುವ ಪ್ರತಿಯೊಂದು ಭಾಗಕ್ಕೂ ಹೆಸರು ಹಚ್ಚಲು ಆರ್.ಪಿ. ಹನಿಕಟ್ 1978ರಲ್ಲಿ ಪ್ರಕಟಿಸಿದ ಶೆರ್ಮನ್ ಕುರಿತ ಬೃಹದ್ಗ್ರಂಥ ಈಗಲೂ ಆಧಾರ, ಬೆಲೆ ಹೆಚ್ಚು. ಸ್ಟೀವನ್ ಝಲೋಗ ಬರೆದ ಸಣ್ಣ ಪುಸ್ತಕಗಳು ಕೈಗೆಟುಕುವ ಬೆಲೆಗೆ ಸಿಗುತ್ತವೆ. ಅವರು ಸ್ವತಃ ಮಾದರಿಕಾರರೂ ಆದ್ದರಿಂದ ಕಿಟ್ ಕೊಳ್ಳುವವನಿಗೆ ಏನು ಬೇಕೆಂಬುದು ಅವರಿಗೆ ಗೊತ್ತು.

ಫೋಟೋದಲ್ಲಿ ಒಂದು ಬದಿ ಮಾತ್ರ ಕಾಣುತ್ತದೆ, ಇನ್ನೊಂದು ಬದಿಗೆ ಏನು ಮಾಡುವುದು ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಅದೇ ಕಾರ್ಖಾನೆಯ, ಅದೇ ಕಾಲದ ಬೇರೊಂದು ಯಂತ್ರದ ಚಿತ್ರವನ್ನು ನೆಚ್ಚಬೇಕು. ಉದಾಹರಣೆಗೆ, ಒಳಗೆ ಗುಂಡುಗಳನ್ನು ಇಟ್ಟ ಜಾಗದ ರಕ್ಷಣೆಗೆ ಹೊರಗಿನಿಂದ ಬೆಸೆದ ಹೆಚ್ಚುವರಿ ಉಕ್ಕಿನ ಹಲಗೆಗಳು ಸಾಮಾನ್ಯವಾಗಿ ಬಲಬದಿಗೆ ಎರಡು, ಎಡಬದಿಗೆ ಒಂದು. ಎಡದ ಫೋಟೋದಲ್ಲಿ ಅದು ಕಂಡರೆ ಬಲದಲ್ಲೂ ಇತ್ತೆಂದು ಧೈರ್ಯವಾಗಿ ಹಚ್ಚಬಹುದು.

ನಿಜವಾದ ಟ್ಯಾಂಕುಗಳನ್ನು ಸುತ್ತಿ ನೋಡಬಯಸುವ ಕನ್ನಡಿಗರಿಗೆ ಸಮೀಪದ ಒಳ್ಳೆಯ ತಾಣ ಮಹಾರಾಷ್ಟ್ರದ ಅಹಿಲ್ಯಾನಗರ, ಹಿಂದಿನ ಅಹ್ಮದ್‌ನಗರ. ಅಲ್ಲಿ ಭಾರತೀಯ ಸೇನೆಯ ಕವಚದಳ 1994ರಲ್ಲಿ ತೆರೆದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿ ಶೆರ್ಮನ್ ಸೇರಿದಂತೆ ಎರಡೂ ಕಾಲದ ಯಂತ್ರಗಳಿವೆ. ವಿಜಯಪುರ, ಕಲಬುರಗಿ ಕಡೆಯವರಿಗೆ ಅದು ಬೆಂಗಳೂರಿಗಿಂತ ಹತ್ತಿರ. ಮ್ಯೂಸಿಯಮ್ಮಿನ ಯಂತ್ರವೇ ಅಂತಿಮ ಸಾಕ್ಷ್ಯವೆಂದು ಮಾತ್ರ ತಿಳಿಯಬಾರದು. ಪ್ರದರ್ಶನದ ಟ್ಯಾಂಕುಗಳಿಗೆ ಅನೇಕ ಬಾರಿ ಬಣ್ಣ ಬಳಿದಿರುತ್ತಾರೆ. ಯುದ್ಧಾನಂತರ ಬದಲಿಸಿದ ಭಾಗಗಳೂ ಇರುತ್ತವೆ. ಒಡಲಿನ ಓರೆ, ಬೆಸುಗೆಯ ಗೆರೆ, ಎರಕದ ತರಿ, ಬೋಗಿಗಳ ಅಂತರ ಇವನ್ನು ಅಲ್ಲಿ ಕಣ್ಣಾರೆ ಕಲಿಯಬಹುದು. ಚಿಹ್ನೆ, ಬಣ್ಣ, ಮೇಲೆ ಹೇರಿದ ಸಾಮಾನುಗಳಿಗೆ 1945ರ ಫೋಟೋವನ್ನೇ ಅವಲಂಬಿಸಬೇಕು.